ಗುಲಾಬಿ ಲೆಪರ್ಡ್ ಮತ್ತು ಉಳಿದ ಆರು

ಫಿನ್ಲೆಂಡಿಗೆ ಕೆಲಸಕ್ಕೆಂದು ಬರುವ ಕನ್ನಡಿಗರಿಗೆ ಮೊದಲ ಬೇಸಿಗೆಯಲ್ಲೇ ಎರಡು ಚಟ ಅಂಟಿಕೊಳ್ಳುತ್ತವೆ. ಒಂದು, ಕಾಡಿಗೆ ನುಗ್ಗಿ ಬಕೆಟ್‌ಗಟ್ಟಲೆ ಬ್ಲೂಬೆರಿ ಕೀಳುವುದು. ಇನ್ನೊಂದು ಡಿಸ್ಕ್ ಗಾಲ್ಫ್. ಎರಡೂ ಬಹುಮಟ್ಟಿಗೆ ಪುಕ್ಕಟೆ, ಸೊಳ್ಳೆ ಕಡಿಸಿಕೊಳ್ಳುವ ಧೈರ್ಯವೊಂದಿದ್ದರೆ ಸಾಕು. ಬ್ಲೂಬೆರಿಯ ಫೋಟೋ ಊರಿನ ವಾಟ್ಸಾಪ್ ಗ್ರೂಪುಗಳಿಗೆಲ್ಲ ಬೇಕಾದಷ್ಟು ಬಂದಿವೆ. ನಾನು ಡಿಸ್ಕ್ ವಿಷಯ ಹೇಳುತ್ತೇನೆ. ಅದರಲ್ಲೂ ಚೀಲದೊಳಗೆ ಯಾವುದು ಇರಬೇಕು, ಯಾವುದು ಮನೆಯಲ್ಲೇ ಇರಬೇಕು ಅನ್ನುವುದನ್ನು. ಆಟ ಒಂದು ಸಂಜೆಯಲ್ಲಿ ಅರ್ಥವಾಗುತ್ತದೆ, ಈ ಲೆಕ್ಕಾಚಾರ ಮಾತ್ರ ಮುಗಿಯುವುದೇ ಇಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕಂಬಕ್ಕೆ ಒಂದು ಕಬ್ಬಿಣದ ಬುಟ್ಟಿ, ಅದರ ಮೇಲೆ ಇಳಿಬಿಟ್ಟ ಸರಪಳಿಗಳು. ಸಾಮಾನ್ಯವಾಗಿ 60ರಿಂದ 120 ಮೀಟರ್ ದೂರದಿಂದ ಶುರುಮಾಡಿ, ಬಿದ್ದಲ್ಲಿಂದ ಮತ್ತೆ ಎಸೆಯುತ್ತ, ಆದಷ್ಟು ಕಡಿಮೆ ಎಸೆತದಲ್ಲಿ ಫ್ರಿಸ್ಬೀಯಂಥ ಪ್ಲಾಸ್ಟಿಕ್ ಡಿಸ್ಕನ್ನು ಬುಟ್ಟಿಗೆ ಹಾಕಬೇಕು. ಈ ಸರಪಳಿ ಬುಟ್ಟಿಯನ್ನು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪಿಸಿದವರು ಎಡ್ ಹೆಡ್ರಿಕ್. 2002ರಲ್ಲಿ ಅವರು ತೀರಿಕೊಂಡ ಮೇಲೆ, ಅವರದೇ ಆಸೆಯಂತೆ, ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕ್ ಮಾಡಿಸಿದರು. ಹುಚ್ಚು ಯಾವ ಮಟ್ಟದ್ದು ಅಂತ ಇದರಲ್ಲೇ ಗೊತ್ತಾಗುತ್ತದೆ.

ಹುಟ್ಟಿದ್ದು ಅಮೆರಿಕದಲ್ಲಾದರೂ ಆಟ ನೆಲೆಸಿರುವುದು ಇಲ್ಲಿನ ಊರೂರಲ್ಲಿ. 2024ರ ಮಹಿಳಾ ವಿಶ್ವ ಚಾಂಪಿಯನ್ ಎವೆಲೀನಾ ಸಾಲೊನೆನ್ ಫಿನ್ಲೆಂಡಿನವರು. 2025ರ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ತಾಂಪೆರೆ ಪಕ್ಕದ ನೋಕಿಯಾದಲ್ಲಿ. ಹೌದು, ಫೋನ್ ಕಂಪನಿಗೆ ಹೆಸರು ಕೊಟ್ಟ ಅದೇ ಊರು. ನಾವಿರುವ ಎಸ್ಪೋದಲ್ಲಿ ಬೋಡೊಮ್ ಕೆರೆಯ ಹತ್ತಿರ ಓಯಿತ್ತಾ ಅನ್ನುವ ಆಟದ ಅಂಗಳ (ಕೋರ್ಸ್) ಇದೆ, ಹೆಲ್ಸಿಂಕಿ ಕಡೆ ಹೋದರೆ ತಾಲಿ, ಕಿವಿಕ್ಕೊ. ಜೂನ್‌ನಲ್ಲಿ ರಾತ್ರಿ ಹತ್ತೂವರೆಗೂ ಸೂರ್ಯ ಮುಳುಗಿರುವುದಿಲ್ಲ, ಆಫೀಸು ಮುಗಿಸಿ ಊಟ ಮಾಡಿಕೊಂಡು ಹೋದರೂ ಹದಿನೆಂಟು ಹೋಲ್ (ಒಂದು ಬುಟ್ಟಿ ಅಂದರೆ ಒಂದು ಹೋಲ್) ಆಡಿ ಬರಬಹುದು.

ಬೆಂಗಳೂರಿನ ಮೈದಾನಗಳಲ್ಲಿ ಅಲ್ಟಿಮೇಟ್ ಆಡುವವರ ಕೈಯಲ್ಲಿ ಫ್ರಿಸ್ಬೀ ನೋಡಿರುತ್ತೀರಿ. ಅದು ಸುಮಾರು 27 ಸೆಂ.ಮೀ. ಅಗಲ, 175 ಗ್ರಾಂ ತೂಕ. ಗಾಲ್ಫ್ ಡಿಸ್ಕಿನ ತೂಕವೂ ಹೆಚ್ಚುಕಡಿಮೆ ಅಷ್ಟೇ, ಅಗಲ ಮಾತ್ರ 21 ಸೆಂ.ಮೀ. ಆಸುಪಾಸು, ಅಂಚು ಓರೆಯಾಗಿ ಚೂಪು. ಈ ಓರೆ ಅಂಚನ್ನು 1983ರಲ್ಲಿ ತಂದವರು ಇನ್ನೋವಾ ಕಂಪನಿಯ ಡೇವ್ ಡುನಿಪೇಸ್. ಅಲ್ಲಿಂದ ಮುಂದೆ ಡಿಸ್ಕ್ ಹಿಡಿಯುವ ಆಟಿಕೆಯಾಗಿ ಉಳಿಯಲಿಲ್ಲ. ಎದುರು ನಿಂತು ಕ್ಯಾಚ್ ಹಿಡಿಯಲು ಹೋದರೆ ಬೆರಳು ಹೋಗುತ್ತದೆ.

ಅಂಗಡಿಗೆ ಹೋದರೆ ಗೋಡೆ ತುಂಬ ಡಿಸ್ಕ್. ಸಾದಾ ಪ್ಲಾಸ್ಟಿಕ್‌ನದು 10 ಯೂರೋ ಆಸುಪಾಸು, ಗಟ್ಟಿ ಪ್ಲಾಸ್ಟಿಕ್‌ನದು 15ರಿಂದ 20. ಹೆಚ್ಚಿನವುಗಳ ಮೇಲೆ ನಾಲ್ಕು ಅಂಕಿ ಅಚ್ಚಾಗಿರುತ್ತದೆ: ಸ್ಪೀಡ್, ಗ್ಲೈಡ್, ಟರ್ನ್, ಫೇಡ್. ಬಲಗೈಯವರು ಬ್ಯಾಕ್‌ಹ್ಯಾಂಡ್ ಎಸೆದಾಗ, ವೇಗ ಇರುವಷ್ಟು ಹೊತ್ತು ಡಿಸ್ಕ್ ಬಲಕ್ಕೆ ಎಷ್ಟು ವಾಲುತ್ತದೆ ಅನ್ನುವುದು ಟರ್ನ್, ಬಲಕ್ಕೆ ವಾಲುವುದನ್ನು ಮೈನಸ್ ಹಾಕಿ ಬರೆಯುತ್ತಾರೆ. ವೇಗ ಇಳಿದ ಮೇಲೆ ಎಡಕ್ಕೆ ಎಷ್ಟು ತಿರುಗಿ ಬೀಳುತ್ತದೆ ಅನ್ನುವುದು ಫೇಡ್. ಗಾಳಿಯಲ್ಲಿ ತೇಲುವ ಗುಣ ಗ್ಲೈಡ್. ಇಲ್ಲಿಯವರೆಗೆ ಸರಳ. ಎಲ್ಲರೂ ಎಡವುವುದು ಮೊದಲನೇ ಅಂಕಿಯಲ್ಲಿ. ಸ್ಪೀಡ್ 12 ಅಂದರೆ ಡಿಸ್ಕ್ ಅಷ್ಟು ವೇಗವಾಗಿ ಹೋಗುತ್ತದೆ ಅಂತಲ್ಲ. ಅಷ್ಟು ವೇಗವಾಗಿ ಎಸೆಯುವ ಕೈ ಇದ್ದರೆ ಮಾತ್ರ ಉಳಿದ ಮೂರು ಅಂಕಿ ನಿಜವಾಗುತ್ತವೆ ಅಂತ.

ಹೋದ ವರ್ಷ ನಮ್ಮ ಆಫೀಸಿಗೆ ಬಂದ ದಾವಣಗೆರೆಯ ಹುಡುಗನೊಬ್ಬ ಡೆಸ್ಟ್ರಾಯರ್ ಅನ್ನುವ ಹೊಸ ಡಿಸ್ಕ್ ಹಿಡಿದುಕೊಂಡು ಓಯಿತ್ತಾಕ್ಕೆ ಬಂದ. 12, 5, -1, 3. ಅಂಚೇ ಎರಡು ಸೆಂ.ಮೀ.ಗಿಂತ ಅಗಲ.

"ಅಣ್ಣಾ, ಅಂಗಡೀಲಿ ಎಲ್ಲಕ್ಕಿಂತ ದೂರ ಹೋಗೋದು ಇದೇ ಅಂದ್ರು."

"ಹೋಗುತ್ತೆ ಮಾರಾಯ, ನೀನೊಂದ್ಸಲ ಎಸಿ ನೋಡೋಣ."

ಎಸೆದ. ಒಳ್ಳೆ ಎತ್ತರಕ್ಕೇ ಹೋಯಿತು, ಐವತ್ತು ಮೀಟರ್ ಆಗುವಷ್ಟರಲ್ಲಿ ಎಡಕ್ಕೆ ಮುರಿದುಕೊಂಡು ಸ್ಪ್ರೂಸ್ ಮರಗಳ ಬುಡಕ್ಕೆ ಇಳಿಯಿತು. ಅವನು ಭುಜ ಹಿಡಿದುಕೊಂಡು ನನ್ನ ಮುಖ ನೋಡಿದ. ನನ್ನ ಚೀಲದಿಂದ ಲೆಪರ್ಡ್ ತೆಗೆದುಕೊಟ್ಟೆ. 6, 5, -2, 1. "ಜೋರು ಬೇಡ, ನಿಧಾನಕ್ಕೆ ನೇರ ಬಿಡು" ಅಂದೆ. ಅರ್ಧ ಬಲದಲ್ಲಿ ಬಿಟ್ಟಿದ್ದು ಸ್ವಲ್ಪ ಬಲಕ್ಕೆ ವಾಲಿ, ಕೊನೆಯಲ್ಲಿ ನೆಟ್ಟಗಾಗಿ, ದಾರಿಯ ಮಧ್ಯದಲ್ಲೇ ಕೂತಿತು, ಡೆಸ್ಟ್ರಾಯರ್‌ಗಿಂತ ಎಷ್ಟೋ ಮುಂದೆ.

ಕೈ ನಿಧಾನವಿದ್ದಷ್ಟೂ ಎಲ್ಲ ಡಿಸ್ಕೂ ಬರೆದಿದ್ದಕ್ಕಿಂತ ಬೇಗ ಎಡಕ್ಕೆ ತಿರುಗುತ್ತದೆ. ಹಾಗಾಗಿ ಅಚ್ಚಾದ ಅಂಕಿ ಬೇರೆ ಯಾರದೋ ತೋಳಿಗೆ ಬರೆದದ್ದು ಅಂತಲೇ ಓದಬೇಕು. ತೂಕದ ವಿಷಯವೂ ಇದೆ. ಒಂದೇ ಮಾದರಿ 150 ಗ್ರಾಮಿನಲ್ಲೂ ಬರುತ್ತದೆ, 175ರಲ್ಲೂ ಬರುತ್ತದೆ. ಹಗುರದ್ದು ನಿಧಾನದ ಕೈಗೂ ಸುಲಭವಾಗಿ ತೇಲುತ್ತದೆ, ಗಾಳಿಯ ದಿನ ಮಾತ್ರ ಹೇಳಿದ ಮಾತು ಕೇಳುವುದಿಲ್ಲ.

ಈಗ ನನ್ನ ಚೀಲ. ಏಳು ಡಿಸ್ಕ್.

ಪಟರ್, ಅಂದರೆ ಹತ್ತಿರದಿಂದ ಬುಟ್ಟಿಗೆ ಹಾಕುವ ಡಿಸ್ಕ್, ಎರಡು; ಎರಡೂ ಇನ್ನೋವಾದ ಏವಿಯಾರ್, ಎರಡೂ ಸಾದಾ ಪ್ಲಾಸ್ಟಿಕ್. ಒಂದೇ ಥರದ್ದು ಎರಡು ಯಾಕೆ ಅಂದರೆ, ಮನೆ ಹಿಂದೆ ಅಭ್ಯಾಸಕ್ಕೂ ಬುಟ್ಟಿಯ ಮುಂದೆಯೂ ಬೆರಳಿಗೆ ಸಿಗುವ ಅಂಚು ಒಂದೇ ಆಗಿರಬೇಕು. ಬುಟ್ಟಿಗೆ ಹಾಕುವ ಡಿಸ್ಕಿಗೆ ದುಬಾರಿ ಪ್ಲಾಸ್ಟಿಕ್ ದಂಡ. ಸಾದಾದು ಕೈಗೆ ಹಿಡಿತ ಕೊಡುತ್ತದೆ, ಸರಪಳಿಗೆ ಬಡಿದಾಗ ಪುಟಿಯುವುದೂ ಕಡಿಮೆ. ಹನ್ನೆರಡು ಬಾರಿ ವಿಶ್ವ ಚಾಂಪಿಯನ್ ಆದ ಕೆನ್ ಕ್ಲೈಮೊ ಹೆಸರಿನ ಮೊದಲಕ್ಷರ ಹೊತ್ತ ಏವಿಯಾರ್ ಕೂಡ ಇದೆ, ಸ್ವಲ್ಪ ಗಡಸು. ಇಲ್ಲಿನ ಚಳಿಗೆ ಅದು ನನಗೆ ಒಗ್ಗಲಿಲ್ಲ.

ಮೂರನೆಯದು ಬರ್ಗ್, ಸ್ವೀಡನ್ನಿನ ಕಾಸ್ಟಾಪ್ಲಾಸ್ಟ್ ಕಂಪನಿಯದು. ಸ್ಪೀಡ್ 1, ಗ್ಲೈಡ್ 1. ತೇಲುವುದೇ ಇಲ್ಲ. ನೆತ್ತಿಯ ಮೇಲೆ ಅಂಚಿನ ಒಳಗೆ ಹೆಬ್ಬೆರಳು ಕೂರಲು ಒಂದು ತಗ್ಗು ಇದೆ, ಅಲ್ಲಿ ಬೆರಳಿಟ್ಟರೆ ಡಿಸ್ಕ್ ಕೈಗೆ ಅಂಟಿದ ಹಾಗೆ. ಬುಟ್ಟಿಗೆ 30, 40 ಮೀಟರ್ ಇದ್ದು, ಹಿಂದೆ ನೀರೋ ಇಳಿಜಾರೋ ಇದ್ದರೆ ಇದಕ್ಕಿಂತ ನಂಬಿಕಸ್ತ ಬೇರೆ ಇಲ್ಲ. ಬಿದ್ದಲ್ಲೇ ಕೂರುತ್ತದೆ, ಜಾರುವ ಮಾತೇ ಇಲ್ಲ. ದೂರದ ಆಸೆಯಲ್ಲಿರುವವರು ಅಂಗಡಿಯಲ್ಲಿ ಇದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಸ್ಕೋರ್ ಉಳಿಸುವುದು ಇಂಥದ್ದೇ.

ನಾಲ್ಕನೆಯದು ಡಿಸ್ಕ್ರಾಫ್ಟ್ ಕಂಪನಿಯ ಬಜ್, ಮಿಡ್‌ರೇಂಜ್, ಅಂದರೆ ಮಧ್ಯಮ ದೂರಕ್ಕೆ. ಇದರ ಬಗ್ಗೆ ಹೆಚ್ಚು ಹೇಳುವಂಥದ್ದು ಇಲ್ಲ, ಎಲ್ಲರ ಚೀಲದಲ್ಲೂ ಇದೆ. ನೇರ ಎಸೆದರೆ ನೇರ ಹೋಗುತ್ತದೆ.

ಐದು, ಆರು ಎರಡೂ ಲೆಪರ್ಡ್, ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ಗಟ್ಟಿ ಪ್ಲಾಸ್ಟಿಕ್‌ನದು, ಇನ್ನೂ ಹೊಸದರಂತಿದೆ. ಇನ್ನೊಂದು ಸಾದಾ ಪ್ಲಾಸ್ಟಿಕ್, ಗುಲಾಬಿ ಬಣ್ಣ, ಅಂಚೆಲ್ಲ ಕಚ್ಚಿಹೋಗಿದೆ. ಫಿನ್ಲೆಂಡಿನ ನೆಲದಲ್ಲಿ ಎಲ್ಲಿ ನೋಡಿದರೂ ಗ್ರಾನೈಟ್ ಬಂಡೆ ಮೇಲೆದ್ದಿರುತ್ತದೆ. ಬಂಡೆಗೋ ಪೈನ್ ಮರಕ್ಕೋ ಬಡಿದು ಬಡಿದು ಸಾದಾ ಪ್ಲಾಸ್ಟಿಕ್ಕಿನ ಅಂಚು ಸವೆಯುತ್ತದೆ. ಸವೆದಷ್ಟೂ ಡಿಸ್ಕ್ ಬಲಕ್ಕೆ ವಾಲುವುದು ಹೆಚ್ಚುತ್ತದೆ, ಕೊನೆಯಲ್ಲಿ ಎಡಕ್ಕೆ ಬರುವುದು ಕಡಿಮೆಯಾಗುತ್ತದೆ. ಟೆಸ್ಟ್ ಪಂದ್ಯದಲ್ಲಿ ಹೊಸ ಚೆಂಡಿಗೊಂದು ಗುಣ, ಐವತ್ತು ಓವರ್ ಕಂಡ ಚೆಂಡಿಗೊಂದು ಗುಣ ಇರುವ ಹಾಗೆ ಇದು. ಹಾಗಾಗಿ ಹಳೆಯವರು ಒಂದೇ ಮಾದರಿಯ ಎರಡು ಮೂರು ಡಿಸ್ಕನ್ನು ಬೇರೆ ಬೇರೆ ಸವೆತದಲ್ಲಿ ಇಟ್ಟುಕೊಳ್ಳುತ್ತಾರೆ. ಕೈಯಲ್ಲಿ ಹಿಡಿತ ಅದೇ, ಎಸೆತ ಅದೇ, ಹಾರುವ ದಾರಿ ಮಾತ್ರ ಬೇರೆ. ಬಲಕ್ಕೆ ಬಾಗುವ ದಾರಿಗಳಲ್ಲಿ ನನ್ನ ಗುಲಾಬಿ ಲೆಪರ್ಡ್ ಮಾಡುವ ಕೆಲಸವನ್ನು ಅಂಗಡಿಯಿಂದ ತಂದ ಯಾವ ಹೊಸ ಡಿಸ್ಕೂ ಮಾಡುವುದಿಲ್ಲ. ಅದನ್ನು ಕೊಳ್ಳಲು ಸಿಗುವುದಿಲ್ಲ, ಆಡಿಯೇ ಸವೆಸಬೇಕು.

ಏಳನೆಯದು ಫೈರ್‌ಬರ್ಡ್. 9, 3, 0, 4. ಹಟಮಾರಿ, ಏನು ಮಾಡಿದರೂ ಕೊನೆಗೆ ಒಂದೇ ಕಡೆ ತಿರುಗುತ್ತದೆ. ಅದೇ ಅದರ ಉಪಯೋಗ. ಎದುರುಗಾಳಿಯಲ್ಲಿ ಡಿಸ್ಕ್ ಇನ್ನೂ ವೇಗವಾಗಿ ಹೋಗುತ್ತಿರುವಂತೆ ವರ್ತಿಸುತ್ತದೆ, ಲೆಪರ್ಡ್‌ನಂಥದ್ದು ಬಲಕ್ಕೆ ಮಗುಚಿಕೊಳ್ಳುತ್ತದೆ. ಫೈರ್‌ಬರ್ಡ್ ಜಗ್ಗುವುದಿಲ್ಲ. ನಾನದನ್ನು ಬಹುಪಾಲು ಫೋರ್‌ಹ್ಯಾಂಡಿನಲ್ಲೇ ಎಸೆಯುವುದು. ಬೌಂಡರಿಯಿಂದ ಕೈ ಕೆಳಗಿಟ್ಟು ಚಪ್ಪಟೆಯಾಗಿ ಥ್ರೋ ಮಾಡಿ ಬೆಳೆದ ನಮ್ಮವರಿಗೆ ಫೋರ್‌ಹ್ಯಾಂಡ್ ಬೇಗ ಕೂಡಿಬರುತ್ತದೆ. ಇಲ್ಲಿನ ಗೆಳೆಯರಿಗೆ ಅದನ್ನು ಕಂಡರೆ ಸ್ವಲ್ಪ ಹೊಟ್ಟೆಕಿಚ್ಚು. ಫೋರ್‌ಹ್ಯಾಂಡಿನಲ್ಲಿ ಎಡಬಲ ಅದಲುಬದಲು, ಕೊನೆಗೆ ಡಿಸ್ಕ್ ಬಲಕ್ಕೆ ಹೊರಳುತ್ತದೆ. ಹೀಗೆ ಒಂದೇ ಡಿಸ್ಕ್ ಎರಡು ಕೆಲಸಕ್ಕೆ ಬರುವುದರಿಂದ ಚೀಲದಲ್ಲಿ ಒಂದು ಜಾಗ ಉಳಿಯಿತು.

ಡಿಸ್ಕ್ ಸೇರಿಸುವುದು ಯಾರಿಗೂ ಕಷ್ಟವಲ್ಲ, ತೆಗೆಯುವುದೇ ಕಷ್ಟ. ನಾನು ಇಟ್ಟುಕೊಂಡಿರುವ ನಿಯಮ ಒಂದೇ. ಟೀ ಮೇಲೆ, ಅಂದರೆ ಮೊದಲ ಎಸೆತದ ಜಾಗದಲ್ಲಿ, ನಿಂತು ಇದೋ ಅದೋ ಅಂತ ಎರಡು ಡಿಸ್ಕಿನ ನಡುವೆ ಪದೇ ಪದೇ ತೂಗಾಡುತ್ತಿದ್ದರೆ, ಅವೆರಡೂ ಒಂದೇ ಕೆಲಸ ಮಾಡುತ್ತಿವೆ ಅಂತ ಅರ್ಥ. ಒಂದು ಮನೆಗೆ. ಲ್ಯಾಟಿಟ್ಯೂಡ್ 64 ಕಂಪನಿಯ ರಿವರ್ ಹೀಗೇ ಹೋಯಿತು. ಗ್ಲೈಡ್ 7, ನೋಡಲು ಬಲು ಚಂದ, ಆದರೆ ಲೆಪರ್ಡ್ ಹೋಗುವ ದಾರಿಯಲ್ಲೇ ಹೋಗುತ್ತಿತ್ತು. ಈಗ ನನ್ನ ಹೆಂಡತಿ ಆಡುತ್ತಿದ್ದಾಳೆ, ನನಗಿಂತ ಚೆನ್ನಾಗಿ. ಖಾಲಿ ಜಾಗ ಕಂಡಾಗಲೂ ಡಿಸ್ಕಿನ ಹೆಸರಿನಿಂದ ಶುರುಮಾಡಬಾರದು. ನಾವು ಆಡುವ ಕೋರ್ಸಿನಲ್ಲಿ ಯಾವ ಹೋಲ್‌ನಲ್ಲಿ ಪ್ರತಿ ಸಲವೂ ಒದ್ದಾಡುತ್ತೇವೆ, ಅಲ್ಲಿಗೆ ಎಂಥ ಹಾರಾಟ ಬೇಕು ಅಂತ ಮೊದಲು ಕೇಳಿಕೊಳ್ಳಬೇಕು. ಎಷ್ಟೋ ಸಲ ಅದನ್ನು ಮಾಡುವ ಡಿಸ್ಕ್ ಆಗಲೇ ಚೀಲದಲ್ಲಿರುತ್ತದೆ, ಬಗ್ಗಿಸಿ ಎಸೆಯುವುದನ್ನು ನಾವು ಕಲಿತಿರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಪಾಲ್ ಮೆಕ್‌ಬೆತ್ ವಿಷಯ ಹೇಳದಿದ್ದರೆ ಅನ್ಯಾಯ. ನಾಲ್ಕು ವಿಶ್ವ ಪ್ರಶಸ್ತಿಯನ್ನು ಇನ್ನೋವಾ ಡಿಸ್ಕಿನಲ್ಲಿ ಗೆದ್ದವರು, 2019ರಲ್ಲಿ ಡಿಸ್ಕ್ರಾಫ್ಟ್ ಸೇರಿ ಚೀಲ ಪೂರ್ತಿ ಬದಲಾಯಿಸಿದರು, ಅದೇ ವರ್ಷ ಐದನೆಯದನ್ನೂ ಗೆದ್ದರು. ಅಂಥ ಕೈಗೆ ನಮ್ಮ ನಿಯಮ ಯಾವುದೂ ಅನ್ವಯಿಸುವುದಿಲ್ಲ ಬಿಡಿ.

ಬಣ್ಣದ ವಿಷಯ ಯಾರೂ ಮೊದಲು ಹೇಳಿಕೊಡುವುದಿಲ್ಲ. ಬೇಸಿಗೆಯಲ್ಲಿ ಹಸಿರು ಡಿಸ್ಕ್ ಪೊದೆಯೊಳಗೆ ಮಾಯ. ಸೆಪ್ಟೆಂಬರ್ ಕೊನೆಗೆ ಬರ್ಚ್ ಎಲೆ ಉದುರಿದಾಗ ಹಳದಿ, ಕಿತ್ತಳೆ ಮಾಯ. ಹಿಮ ಬಿದ್ದ ಮೇಲೆ ಬಿಳಿ. ವರ್ಷವಿಡೀ ಕಾಣುವುದು ಗುಲಾಬಿ ಒಂದೇ. ಮೀಸೆ ಬಂದವರೆಲ್ಲ ಗುಲಾಬಿ ಡಿಸ್ಕ್ ಹಿಡಿದು ಓಡಾಡುವುದಕ್ಕೆ ಕಾರಣ ಇದೇ. ಅಡಿಭಾಗದಲ್ಲಿ ಮಾರ್ಕರ್‌ನಿಂದ ಹೆಸರು, ಫೋನ್ ನಂಬರ್ ಬರೆದಿಡುವುದು ಇಲ್ಲಿನ ರೂಢಿ. ಸಿಕ್ಕವರು ಮೆಸೇಜ್ ಮಾಡುತ್ತಾರೆ. ನನ್ನ ಬಜ್ ಕಳೆದಾಗ ಗುರುತಿಲ್ಲದ ನಂಬರಿನಿಂದ ಫೋಟೋ ಬಂತು: ಏಳನೇ ಹೋಲ್ ಬೋರ್ಡಿನ ಹಿಂದೆ, ಕೊಳೆತ ಮರದ ಬುಡದ ಮೇಲೆ ನನ್ನ ಡಿಸ್ಕ್. ಜೊತೆಗೆ ಬರೆದದ್ದು "ಇಲ್ಲಿದೆ" ಅಂತ ಮಾತ್ರ. ನಮಸ್ಕಾರವೂ ಇಲ್ಲ, ಹೆಸರೂ ಇಲ್ಲ. ಫಿನ್ನರ ಮಟ್ಟಿಗೆ ಅದು ದೊಡ್ಡ ಸಂಭಾಷಣೆಯೇ.

ನವೆಂಬರ್ ಬಂದರೆ ಚೀಲ ಇನ್ನೂ ಕುಗ್ಗುತ್ತದೆ. ಚಳಿಗೆ ಪ್ಲಾಸ್ಟಿಕ್ ಕಲ್ಲಾಗುತ್ತದೆ, ತಂಪು ಗಾಳಿ ದಟ್ಟವಾಗಿರುವುದರಿಂದ ಎಲ್ಲ ಡಿಸ್ಕೂ ಬೇಗ ಇಳಿಯುತ್ತದೆ, ಕೈಗವಸಿನಲ್ಲಿ ಹಿಡಿತವೇ ಸಿಗುವುದಿಲ್ಲ. ಆಗ ಏವಿಯಾರ್ ಒಂದು, ಬಜ್ ಒಂದು, ಗಟ್ಟಿ ಲೆಪರ್ಡ್ ಒಂದು, ಇಷ್ಟೇ. ಡಿಸೆಂಬರಿನಲ್ಲಿ ಹಗಲೇ ಆರು ಗಂಟೆಗಿಂತ ಕಡಿಮೆ, ಹಾಗಾಗಿ ಡಿಸ್ಕಿಗೆ ಪುಟಾಣಿ ಎಲ್‌ಇಡಿ ದೀಪ ಟೇಪ್ ಹಾಕಿ ಅಂಟಿಸುತ್ತಾರೆ. ಹಿಮ ಆಳವಿದ್ದರೆ ಅಡಿಗೆ ಉದ್ದನೆಯ ರಿಬ್ಬನ್. ಡಿಸ್ಕ್ ಹಿಮದೊಳಗೆ ಸೀಳಿಕೊಂಡು ಹೋದರೂ ಬಾಲ ಮೇಲೆ ಉಳಿಯುತ್ತದೆ, ಎಳೆದು ತೆಗೆಯಬಹುದು.

ದಾವಣಗೆರೆ ಹುಡುಗ ಡೆಸ್ಟ್ರಾಯರನ್ನು ತೋರಿ ಅನ್ನುವ ಹಳೇ ಸಾಮಾನಿನ ಜಾಲತಾಣದಲ್ಲಿ ಮಾರಿ 150 ಗ್ರಾಮಿನ ಲೆಪರ್ಡ್ ತೆಗೆದುಕೊಂಡ. ಈಗ ಅವನಿಗೆ ಫೈರ್‌ಬರ್ಡ್ ಬೇಕಂತೆ. ಎರಡು ದಿನಕ್ಕೊಮ್ಮೆ ಲಿಂಕ್ ಕಳಿಸುತ್ತಾನೆ, "ಅಣ್ಣಾ, ಇದು ತಗೊಳ್ಲಾ?" ಅಂತ. ಹಿಮ ಕರಗುವವರೆಗೆ ಏನೂ ತಗೋಬೇಡ, ಇರುವ ಲೆಪರ್ಡ್‌ನಲ್ಲೇ ಫೋರ್‌ಹ್ಯಾಂಡ್ ಕಲಿ ಅಂದಿದ್ದೇನೆ. ಕೇಳುವ ಹಾಗೆ ಕಾಣುವುದಿಲ್ಲ, ನಿನ್ನೆ ಕಳಿಸಿದ ಲಿಂಕಿನಲ್ಲಿ ಬಣ್ಣ ಬೇರೆ ಆರಿಸಿಟ್ಟಿದ್ದಾನೆ. ಬಿಳಿ.