ಪಿಯಾನೋಲಾ ಪೇಟೆಂಟ್ ಓದೋದು ಹೇಗೆ

ತಾನಾಗೇ ನುಡಿಯೋ ವಾದ್ಯಗಳ ಹಳೇ ಪೇಟೆಂಟ್ ಹುಡ್ಕೋ ಗೀಳು ಹತ್ತಿದೆ ನಂಗೆ, ಅದ್ರಲ್ಲೂ ಪಿಯಾನೋನ ತಾನೇ ನುಡಿಸೋ ಪಿಯಾನೋಲಾ ಅನ್ನೋ ಮೆಷಿನ್‌ದು ಅಂದ್ರೆ ಬಿಟ್ಟು ಏಳೋಕೇ ಮನಸ್ಸಾಗಲ್ಲ. ಡೆಟ್ರಾಯಿಟ್‌ನಲ್ಲಿದ್ದ ಎಡ್ವಿನ್ ವೋಟಿ 1897ರಲ್ಲಿ ಅರ್ಜಿ ಹಾಕಿ, 1900ರ ಮೇ 22ಕ್ಕೆ ಪಡೆದ ಅಮೆರಿಕನ್ ಪೇಟೆಂಟ್ ಅದು, ನಂಬರ್ 650285. ಗೂಗಲ್ ಪೇಟೆಂಟ್ಸ್‌ನಲ್ಲಿ ಹಾಕಿ ನೋಡಿ, ಚಿತ್ರ ಸಮೇತ ಬರತ್ತೆ.

ಪಿಯಾನೋ ಒಳಗೇ ಮೆಷಿನ್ ಕೂತಿರತ್ತೆ ಅಂದ್ಕೊಂಡೋರಿಗೆ ಚಿತ್ರ ನೋಡಿದ್ರೆ ಆಶ್ಚರ್ಯ ಆಗತ್ತೆ. ಇದು ಬೇರೇನೇ ಒಂದು ಪೆಟ್ಟಿಗೆ, ಪಿಯಾನೋ ಮುಂದೆ ತಳ್ಕೊಂಡು ಬಂದು ನಿಲ್ಸೋದು, ಅದರಿಂದ ಚಾಚಿರೋ ಬೆರಳುಗಳು ಸರಿಯಾಗಿ ಕೀಗಳ ಮೇಲೆ ಬರ್ತವೆ. ಪೆಡಲ್ ತುಳಿದ್ರೆ ತಿದಿ ಗಾಳಿ ಹೀರತ್ತೆ, ನಮ್ಮ ಹಾರ್ಮೋನಿಯಂ ಥರ ಊದಲ್ಲ. ತೂತು ಕೊರೆದ ಕಾಗದದ ಸುರುಳಿ, ಸಾಲಾಗಿ ರಂಧ್ರ ಇರೋ ಒಂದು ಪಟ್ಟಿ ಮೇಲೆ ಜಾರ್ತಾ ಇರತ್ತೆ. ಕಾಗದದ ತೂತು ಪಟ್ಟಿಯ ರಂಧ್ರದ ಮೇಲೆ ಬಂದ ತಕ್ಷಣ ಹೊರಗಿನ ಗಾಳಿ ಒಳಗೆ ನುಗ್ಗಿ ತೆಳು ಪೊರೆಯೊಂದನ್ನ ಎತ್ತತ್ತೆ, ಅದು ವಾಲ್ವ್ ತೆಗೆಯತ್ತೆ, ಆ ಸ್ವರಕ್ಕೆ ಅಂತ ಇರೋ ಪುಟಾಣಿ ತಿದಿಯ ಗಾಳಿಯೆಲ್ಲ ಹೋಗಿ ಅದು ಮುದುಡ್ಕೊಳತ್ತೆ, ಮುದುಡೋ ಜೋರಿಗೆ ಬೆರಳು ಕೀ ಒತ್ತತ್ತೆ. ಒಂದೊಂದು ಸ್ವರಕ್ಕೂ ಇಷ್ಟೆಲ್ಲ, ಅದೂ ಕರೆಂಟೇ ಇಲ್ದೆ! ಎಷ್ಟು ಸಲ ಓದಿದ್ರೂ ನಂಗೆ ಬೇಜಾರಾಗಲ್ಲ.

ಹಾಗಂತ ತೂತಿನ ಕಾಗದ ವೋಟಿ ಕಂಡುಹಿಡಿದದ್ದಲ್ಲ. ರೇಷ್ಮೆ ಸೀರೆ ಮಗ್ಗದ ಮೇಲೆ ಜಕಾರ್ಡ್ ಕಾರ್ಡ್ ನೋಡಿರ್ತೀರಲ್ಲ, ಆ ಜಕಾರ್ಡ್‌ನ ಲಿಯೋನ್ ಊರಲ್ಲೇ ಸೇತ್ರ್ ಅನ್ನೋರು ತೂತಿನ ಕಾರ್ಡಿಂದ ವಾದ್ಯ ನುಡಿಸೋಕೆ 1842ರಲ್ಲೇ ಪೇಟೆಂಟ್ ತಗೊಂಡಿದ್ರು. 1863ರಲ್ಲಿ ಫೂರ್ನೋ ಅನ್ನೋ ಇನ್ನೊಬ್ಬ ಫ್ರೆಂಚರು ಗಾಳಿಯಿಂದ ನಡೆಯೋ, ಹಿಡಿ ತಿರುಗ್ಸೋ ಪಿಯಾನಿಸ್ತಾ ಅನ್ನೋ ಮೆಷಿನ್‌ಗೆ ಪೇಟೆಂಟ್ ಮಾಡ್ಸಿದ್ರು. ಜರ್ಮನಿಯ ವೆಲ್ಟೆ ಮನೆತನದ ಕಾಗದದ ಸುರುಳಿ ಪೇಟೆಂಟು 1883ರದ್ದು. ಇಷ್ಟೆಲ್ಲ ಮೊದಲೇ ಇದ್ಮೇಲೆ ವೋಟಿಗೆ ಸಿಕ್ಕಿದ ಹಕ್ಕು ಯಾವುದರ ಮೇಲೆ? ಅದಕ್ಕೇ ನಾನು ಹೇಳೋದು, ಕೊನೇಲಿ ನಂಬರ್ ಹಾಕಿ ಬರ್ದಿರೋ ಕ್ಲೇಮ್‌ಗಳನ್ನೇ ಮೊದ್ಲು ಓದಿ ಅಂತ. ಶುರುವಲ್ಲಿರೋ ವಿವರಣೇಲಿ ಇಡೀ ಮೆಷಿನ್ ಇರತ್ತೆ, ತಮ್ಮದು ಅಂತ ಅವರು ಕೇಳಿರೋದು ಯಾವ ಜೋಡಣೆ ಅನ್ನೋದು ಕ್ಲೇಮ್‌ಗಳಲ್ಲಿ ಮಾತ್ರ.

ಹುಡುಕೋರಿಗೆ ಇನ್ನೊಂದು ವಿಷ್ಯ. ಈ ಹಳೇ ಪುಟಗಳನ್ನ ಸ್ಕ್ಯಾನ್ ಮಾಡಿ ಕಂಪ್ಯೂಟರ್ ಕೈಲಿ ಓದ್ಸಿರೋದ್ರಿಂದ ಸ್ಪೆಲ್ಲಿಂಗ್ ತುಂಬಾ ಕೆಟ್ಟಿರತ್ತೆ, ಪದ ಟೈಪ್ ಮಾಡಿದ್ರೆ ಅರ್ಧ ಸಿಗೋದೇ ಇಲ್ಲ. ಜಿ10ಎಫ್ (G10F) ಅಂತ ವರ್ಗದ ಕೋಡ್ ಹಾಕಿ, ಸ್ವಯಂಚಾಲಿತ ವಾದ್ಯಗಳೆಲ್ಲ ಅದರಡಿ ಬರ್ತವೆ, ಆಮೇಲೆ ಯಾವ ವರ್ಷದಿಂದ ಯಾವ ವರ್ಷದವರೆಗೆ ಬೇಕು ಅಂತ ಮಿತಿ ಹಾಕ್ಕೊಳ್ಳಿ. ಅಮೆರಿಕದ ಪೇಟೆಂಟ್‌ಗಳಲ್ಲಿ ಹಿಂದಿನ ಪೇಟೆಂಟ್‌ಗಳ ಪಟ್ಟಿ ಅಚ್ಚು ಹಾಕೋಕೆ ಶುರು ಮಾಡಿದ್ದೇ 1947ರಲ್ಲಿ, ಹಾಗಾಗಿ ವೋಟಿಗಿಂತ ಮುಂಚೆ ಯಾರಿದ್ರು ಅಂತ ನಾವೇ ಒಂದೊಂದಾಗಿ ತೆಗೆದು ನೋಡ್ಬೇಕು.