ಆಳ್ವಿಕೆಯ ವೇಗ, ನಂಬಿಕೆಯ ನಿಧಾನ: ಇಸ್ಲಾಮಿನ ಮೊದಲ ಎರಡು ಶತಮಾನಗಳು

ಇಸ್ಲಾಮಿನ ಆರಂಭದ ಇತಿಹಾಸವನ್ನು ಓದುವವರು ಮೊದಲು ಬೆರಗಾಗುವುದು ಅದರ ವೇಗಕ್ಕೆ. ಪ್ರವಾದಿ ಮುಹಮ್ಮದರು ಮದೀನಾದಲ್ಲಿ ತೀರಿಕೊಂಡದ್ದು 632ರಲ್ಲಿ. ಅಲ್ಲಿಂದ 80 ವರ್ಷ ಕಳೆಯುವಷ್ಟರಲ್ಲಿ ಅವರ ಅನುಯಾಯಿಗಳ ರಾಜ್ಯ ಪಶ್ಚಿಮದಲ್ಲಿ ಸ್ಪೇನಿನಿಂದ ಪೂರ್ವದಲ್ಲಿ ಸಿಂಧ್‌ವರೆಗೆ ಹಬ್ಬಿತ್ತು. ಈ ವೇಗವನ್ನು ಕೆಲವರು ಖಡ್ಗದ ಬಲವೆಂದು ವಿವರಿಸಿದರು, ಕೆಲವರು ದೈವಾನುಗ್ರಹವೆಂದು ಕೊಂಡಾಡಿದರು. ರಾಜ್ಯ ಹರಡಿದ್ದು ಒಂದು ಘಟನೆ, ಮತ ಹರಡಿದ್ದು ಬೇರೆಯೇ ಒಂದು ಘಟನೆ ಎಂಬುದನ್ನು ಈ ಎರಡು ವಿವರಣೆಗಳೂ ಮರೆಯುತ್ತವೆ ಎಂದು ನನಗೆ ಅನ್ನಿಸುತ್ತದೆ. ಮೊದಲನೆಯದು ಕೆಲವು ದಶಕಗಳಲ್ಲಿ ಮುಗಿಯಿತು. ಎರಡನೆಯದಕ್ಕೆ ಶತಮಾನಗಳೇ ಬೇಕಾದವು. ಈಜಿಪ್ಟ್, ಸಿರಿಯಾ, ಇರಾನ್‌ಗಳಲ್ಲಿ ಅರಬರ ಆಳ್ವಿಕೆ ಬಂದು ನೂರು ವರ್ಷಗಳಾದ ಮೇಲೂ ಅಲ್ಲಿನ ಬಹುಪಾಲು ಜನ ತಮ್ಮ ಹಿಂದಿನ ಧರ್ಮದಲ್ಲೇ ಇದ್ದರು.

ಮಕ್ಕಾದ ಮೊದಲ ವರ್ಷಗಳಲ್ಲಂತೂ ವೇಗದ ಸುಳಿವೇ ಇರಲಿಲ್ಲ. ಸುಮಾರು 570ರಲ್ಲಿ ಖುರೈಷ್ ಗೋತ್ರದ ಹಾಶಿಮ್ ಮನೆತನದಲ್ಲಿ ಹುಟ್ಟಿದ ಮುಹಮ್ಮದರು, ತಾವು ಹುಟ್ಟುವ ಮೊದಲೇ ತಂದೆಯನ್ನೂ ಎಳೆಯ ವಯಸ್ಸಿನಲ್ಲೇ ತಾಯಿಯನ್ನೂ ಕಳೆದುಕೊಂಡು, ಮೊದಲು ತಾತನ ಬಳಿ, ಆಮೇಲೆ ತಂದೆಯ ಸಹೋದರ ಅಬೂತಾಲಿಬರ ಆಶ್ರಯದಲ್ಲಿ ಬೆಳೆದರು. 610ರಲ್ಲಿ ಹಿರಾ ಗುಹೆಯಲ್ಲಿ ಅವರಿಗೆ ಮೊದಲ ದಿವ್ಯವಾಣಿ ಬಂತೆಂಬುದು ಮುಸ್ಲಿಮರ ನಂಬಿಕೆ. ಅದನ್ನು ಮೊದಲು ಒಪ್ಪಿದವರು ಅವರ ಪತ್ನಿ ಖದೀಜಾ. ಖದೀಜಾ ಸ್ವತಃ ವ್ಯಾಪಾರ ನಡೆಸುತ್ತಿದ್ದ ಮಹಿಳೆ. ಮಕ್ಕಾ ಬದುಕಿದ್ದುದೇ ಒಂಟೆಗಳ ಸಾರ್ಥವಾಹಗಳಿಂದ ಮತ್ತು ಕಾಬಾಕ್ಕೆ ಬರುವ ಯಾತ್ರಿಕರಿಂದ. ದೇವರು ಒಬ್ಬನೇ ಎಂದೂ, ಅನಾಥರ ಸೊತ್ತನ್ನು ನುಂಗಿದ ಸಿರಿವಂತರು ಒಂದು ದಿನ ಲೆಕ್ಕ ಒಪ್ಪಿಸಬೇಕಾಗುವುದೆಂದೂ ಸಾರುವ ಮಾತು ಅಂಥ ಊರಿನಲ್ಲಿ ಪ್ರಮುಖರಿಗೆ ಹಿಡಿಸುವುದು ಸಾಧ್ಯವಿರಲಿಲ್ಲ. ಗುಲಾಮರಾಗಿದ್ದ ಬಿಲಾಲರಂಥವರು ಚಿತ್ರಹಿಂಸೆ ಅನುಭವಿಸಿದರು. ಒಂದು ಗುಂಪು 615ರ ಸುಮಾರಿಗೆ ಕೆಂಪು ಸಮುದ್ರ ದಾಟಿ ಅಬಿಸೀನಿಯಾದ (ಇಂದಿನ ಇಥಿಯೋಪಿಯಾ) ಕ್ರೈಸ್ತ ರಾಜನ ರಕ್ಷಣೆ ಪಡೆಯಿತು. 619ರಲ್ಲಿ ಖದೀಜಾ ಮತ್ತು ಅಬೂತಾಲಿಬ್ ಇಬ್ಬರೂ ತೀರಿಕೊಂಡಾಗ ಪ್ರವಾದಿಯವರಿಗೆ ಮಕ್ಕಾದಲ್ಲಿ ಆಸರೆಯೇ ಇಲ್ಲದಂತಾಯಿತು.

622ರ ಹಿಜ್ರಾ, ಅಂದರೆ ಮಕ್ಕಾದಿಂದ ಯಸ್ರಿಬ್‌ಗೆ ನಡೆದ ವಲಸೆ, ಈ ಹಿನ್ನೆಲೆಯಲ್ಲಿ ನಡೆಯಿತು. ಮುಂದೆ ಮದೀನಾ ಎಂದು ಹೆಸರಾದ ಆ ಊರಿನಲ್ಲಿ ಔಸ್ ಮತ್ತು ಖಝ್ರಜ್ ಎಂಬ ಎರಡು ಅರಬ್ ಗೋತ್ರಗಳ ನಡುವೆ ಹಳೆಯ ಹಗೆತನವಿತ್ತು. ಜೊತೆಗೆ ಹಲವು ಯಹೂದಿ ಗೋತ್ರಗಳೂ ಅಲ್ಲಿದ್ದವು. ಯಾರ ಪಕ್ಷಕ್ಕೂ ಸೇರದ ಒಬ್ಬ ಪಂಚಾಯತಿದಾರ ಆ ಊರಿಗೆ ಬೇಕಾಗಿತ್ತು. ಮುಹಮ್ಮದರು ಅಲ್ಲಿ ಮಾಡಿಸಿದ ಒಪ್ಪಂದ ನನ್ನ ದೃಷ್ಟಿಯಲ್ಲಿ ಯಾವ ಯುದ್ಧಕ್ಕಿಂತಲೂ ಮುಖ್ಯವಾದ ದಾಖಲೆ. ಮಕ್ಕಾದಿಂದ ಬಂದವರು, ಮದೀನಾದ ವಿಶ್ವಾಸಿಗಳು ಮತ್ತು ಅವರ ಜೊತೆಗಿದ್ದ ಯಹೂದಿಗಳು ಒಂದೇ ಸಮುದಾಯವೆಂದೂ, ಅವರವರ ಧರ್ಮ ಅವರವರಿಗೆಂದೂ, ವ್ಯಾಜ್ಯಗಳು ಪ್ರವಾದಿಯ ಮುಂದೆ ತೀರ್ಮಾನವಾಗಬೇಕೆಂದೂ ಅದು ಹೇಳುತ್ತದೆ. ರಕ್ತಸಂಬಂಧದ ಆಚೆಗೆ ಯಾವ ನ್ಯಾಯವೂ ಇರದಿದ್ದ ಸಮಾಜದಲ್ಲಿ ಇದು ಬಹಳ ದೊಡ್ಡ ಹೆಜ್ಜೆ. ಆದರೆ ಆ ಸಹಬಾಳ್ವೆ ಹೆಚ್ಚು ಕಾಲ ಉಳಿಯಲಿಲ್ಲ. ಬನೂ ಕೈನುಕಾ ಮತ್ತು ಬನೂ ನದೀರ್ ಎಂಬ ಯಹೂದಿ ಗೋತ್ರಗಳು ಊರು ಬಿಡಬೇಕಾಯಿತು. 627ರಲ್ಲಿ ಮಕ್ಕಾದವರು ಮದೀನಾವನ್ನು ಮುತ್ತಿದ ಕಂದಕದ ಯುದ್ಧದ ಬಳಿಕ ಇನ್ನೊಂದು ಯಹೂದಿ ಗೋತ್ರವಾದ ಬನೂ ಕುರೈಝಾದ ಗಂಡಸರನ್ನು ಕೊಲ್ಲಲಾಯಿತೆಂದು ಆರಂಭದ ಮುಸ್ಲಿಂ ಇತಿಹಾಸಕಾರರೇ ದಾಖಲಿಸಿದ್ದಾರೆ. ಈ ಕಾಲವನ್ನು ಪ್ರಾಮಾಣಿಕವಾಗಿ ಓದಬೇಕೆನ್ನುವವರು ಎರಡನ್ನೂ ಒಟ್ಟಿಗೆ ಓದಬೇಕಾಗುತ್ತದೆ.

ಮಕ್ಕಾದವರೊಂದಿಗಿನ ಬದ್ರ್, ಉಹುದ್ ಕಾಳಗಗಳ ಕಥೆ ಎಲ್ಲರಿಗೂ ಗೊತ್ತಿರುವಂಥದು. ಅವರೊಂದಿಗೆ 628ರಲ್ಲಿ ಆದ ಹುದೈಬಿಯಾ ಒಪ್ಪಂದದಿಂದ ದೊರೆತ ಶಾಂತಿಯ ಕಾಲದಲ್ಲಿ ಇಸ್ಲಾಮಿಗೆ ಸೇರಿದಷ್ಟು ಜನ ಯುದ್ಧದ ವರ್ಷಗಳಲ್ಲಿ ಸೇರಿರಲಿಲ್ಲವೆಂದು ಹಳೆಯ ಚರಿತ್ರಕಾರರು ಗುರುತಿಸಿದ್ದಾರೆ. 630ರಲ್ಲಿ ಮಕ್ಕಾ ಹೆಚ್ಚಿನ ರಕ್ತಪಾತವಿಲ್ಲದೆ ವಶವಾಯಿತು. ಎರಡು ವರ್ಷಗಳ ನಂತರ ಪ್ರವಾದಿಯವರು ನಿಧನರಾದಾಗ ಅಬೂಬಕರ್ ಮೊದಲ ಖಲೀಫರಾದರು, ಅಂದರೆ ಸಮುದಾಯವನ್ನು ಮುನ್ನಡೆಸುವ ಉತ್ತರಾಧಿಕಾರಿಯಾದರು. ಆ ಸ್ಥಾನ ಪ್ರವಾದಿಯವರ ಅಳಿಯ ಅಲಿಯವರಿಗೇ ಸಲ್ಲಬೇಕಾಗಿತ್ತೆಂಬ ನಂಬಿಕೆ ಮುಂದೆ ಶಿಯಾ ಪಂಥದ ಬುನಾದಿಯಾಯಿತು. ತಮ್ಮ ನಿಷ್ಠೆ ಪ್ರವಾದಿಯ ಜೊತೆಗೇ ಮುಗಿಯಿತೆಂದು ಭಾವಿಸಿ ದೂರ ಸರಿದ ಗೋತ್ರಗಳನ್ನು ಅಬೂಬಕರ್ ಎರಡೇ ವರ್ಷಗಳಲ್ಲಿ ಮತ್ತೆ ಒಂದುಗೂಡಿಸಿದರು.

ಹೀಗೆ ಒಂದಾದ ಅರಬರು ಉತ್ತರಕ್ಕೆ ತಿರುಗಿದಾಗ ಅವರಿಗೆ ಎದುರಾದದ್ದು ಬಳಲಿದ ಎರಡು ಮಹಾಸಾಮ್ರಾಜ್ಯಗಳು. ಬೈಜಾಂಟಿಯಮ್ (ಪೂರ್ವ ರೋಮನ್ ಸಾಮ್ರಾಜ್ಯ) ಮತ್ತು ಸಸ್ಸಾನಿ ವಂಶದ ಪರ್ಷಿಯಾ 602ರಿಂದ 628ರವರೆಗೆ ಎಡೆಬಿಡದೆ ಹೊಡೆದಾಡಿದ್ದವು. ಪರ್ಷಿಯನ್ನರು 614ರಲ್ಲಿ ಜೆರುಸಲೇಮನ್ನು, ಆಮೇಲೆ ಈಜಿಪ್ಟನ್ನೂ ಹಿಡಿದರು; ಬೈಜಾಂಟಿಯಮ್‌ನ ಚಕ್ರವರ್ತಿ ಹೆರಾಕ್ಲಿಯಸ್ ಅವೆಲ್ಲವನ್ನೂ ಮರಳಿ ಪಡೆದನಾದರೂ ಅಷ್ಟರಲ್ಲಿ ಎರಡೂ ಕಡೆಯ ಬೊಕ್ಕಸ ಬರಿದಾಗಿತ್ತು. 541ರಿಂದ ಮತ್ತೆ ಮತ್ತೆ ಮರುಕಳಿಸಿದ ಪ್ಲೇಗ್ ಪಟ್ಟಣಗಳನ್ನು ಮೊದಲೇ ಸೊರಗಿಸಿತ್ತು. ಇದಕ್ಕಿಂತ ಆಳವಾದ ಇನ್ನೊಂದು ಬಿರುಕೂ ಇತ್ತು. ಕ್ರಿಸ್ತನ ಸ್ವರೂಪದ ಬಗ್ಗೆ 451ರ ಚಾಲ್ಸೆಡನ್ ಧರ್ಮಸಭೆ ಕೈಗೊಂಡ ತೀರ್ಮಾನವನ್ನು ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರೂ ಸಿರಿಯಾದ ಅನೇಕ ಕ್ರೈಸ್ತರೂ ಒಪ್ಪಿರಲಿಲ್ಲ. ಅದಕ್ಕಾಗಿ ತಮ್ಮದೇ ಧರ್ಮದ ಚಕ್ರವರ್ತಿಯಿಂದ ಕಿರುಕುಳ ಅನುಭವಿಸುತ್ತಿದ್ದರು. ಕಾಪ್ಟಿಕ್ ಚರ್ಚಿನ ಮುಖ್ಯಸ್ಥ ಬೆಂಜಮಿನ್ ವರ್ಷಗಟ್ಟಲೆ ತಲೆಮರೆಸಿಕೊಂಡು ಬದುಕಬೇಕಾಗಿತ್ತು. ಆತ ಬಹಿರಂಗವಾಗಿ ಹಿಂದಿರುಗಿದ್ದು ಅರಬ್ ಸೇನಾನಿ ಅಮ್ರ್ ಇಬ್ನುಲ್ ಆಸ್ ಅಭಯ ಕೊಟ್ಟ ಮೇಲೆ. ಜನ ಅರಬರನ್ನು ಹೂಹಾರ ಹಾಕಿ ಸ್ವಾಗತಿಸಿದರೆಂದು ಇದರ ಅರ್ಥವಲ್ಲ, ಮುತ್ತಿಗೆಗಳೂ ಲೂಟಿಯೂ ಸಾವುನೋವುಗಳೂ ಬೇಕಾದಷ್ಟು ನಡೆದವು. ಆದರೆ ತಮ್ಮನ್ನು ಹಿಂಸಿಸುತ್ತಿದ್ದ ಚಕ್ರವರ್ತಿಗಾಗಿ ಪ್ರಾಣ ಕೊಡುವ ಮನಸ್ಸು ಬಹಳ ಮಂದಿಗೆ ಇರಲಿಲ್ಲ.

ಎರಡನೆಯ ಖಲೀಫ ಉಮರರ ಹತ್ತು ವರ್ಷಗಳ ಆಡಳಿತದಲ್ಲಿ, 636ರ ಯರ್ಮೂಕ್ ಕದನದ ನಂತರ ಸಿರಿಯಾ, ಕಾದಿಸಿಯ್ಯಾ ಕದನದ ನಂತರ ಇರಾಕ್, 639ರಿಂದ 642ರ ನಡುವೆ ಈಜಿಪ್ಟ್ ಅರಬರ ಕೈಸೇರಿದವು. ಈ ಕಾಲದ ಬಗ್ಗೆ ನಮಗಿರುವ ಅರಬಿ ಚರಿತ್ರೆಗಳಲ್ಲಿ ಹೆಚ್ಚಿನವು ನೂರಕ್ಕೂ ಹೆಚ್ಚು ವರ್ಷಗಳ ನಂತರ ರೂಪ ಪಡೆದಂಥವು. ಆದುದರಿಂದಲೇ ಆ ದಿನಗಳಲ್ಲೇ ಬರೆದ ಒಂದು ಪುಟ್ಟ ಕಾಗದಪತ್ರಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ವಿಯೆನ್ನಾದಲ್ಲಿ ಇಂದಿಗೂ ಸುರಕ್ಷಿತವಾಗಿರುವ ಆ ಪಪೈರಸ್ ಹಾಳೆ 643ನೆಯ ಇಸವಿಯದು. 622ರ ಹಿಜ್ರಾದಿಂದ ಎಣಿಸುವ ಹಿಜರಿ ಲೆಕ್ಕದ 22ನೆಯ ವರ್ಷವೆಂದು ಅದರಲ್ಲೇ ನಮೂದಾಗಿದೆ. ಈಜಿಪ್ಟಿನ ಹೆರಾಕ್ಲಿಯೋಪೊಲಿಸ್ ಎಂಬಲ್ಲಿ ಅಬ್ದುಲ್ಲಾ ಎಂಬ ಸೇನಾಧಿಕಾರಿ ತನ್ನ ಪಡೆಯ ಊಟಕ್ಕಾಗಿ 65 ಕುರಿಗಳನ್ನು ಪಡೆದದ್ದಕ್ಕೆ ಬರೆದುಕೊಟ್ಟ ರಸೀದಿ ಅದು. ಬರಹ ಗ್ರೀಕಿನಲ್ಲೂ ಅರಬಿಯಲ್ಲೂ ಇದೆ. ಕುರಿ ಕೊಟ್ಟವರು ಕ್ರಿಸ್ಟೊಫೊರಸ್ ಮತ್ತು ಥಿಯೊಡೊರಾಕಿಯೋಸ್ ಎಂಬ ಸ್ಥಳೀಯ ಅಧಿಕಾರಿಗಳು. ಗ್ರೀಕ್ ಭಾಗವನ್ನು ಬರೆದವನು ಯೋಹಾನ ಎಂಬ ಕ್ರೈಸ್ತ. ದೊರೆ ಬದಲಾದರೂ ತಾಲ್ಲೂಕಿನ ಅಧಿಕಾರಿಗಳು, ಅವರ ಧರ್ಮ, ಅವರ ಭಾಷೆ, ಅವರ ಲೆಕ್ಕಪತ್ರದ ಪದ್ಧತಿ ಯಾವುದೂ ಬದಲಾಗಲಿಲ್ಲವೆಂಬುದನ್ನು ಈ ಒಂದು ಹಾಳೆ ಎಷ್ಟೋ ಸಂಪುಟಗಳಿಗಿಂತ ಚೆನ್ನಾಗಿ ತೋರಿಸುತ್ತದೆ.

ಅರಬರು ತಾವು ಗೆದ್ದ ಜನರ ನಡುವೆ ಚದುರಿ ನೆಲೆಸಲಿಲ್ಲ. ಬಸ್ರಾ, ಕೂಫಾ, ಈಜಿಪ್ಟಿನ ಫುಸ್ತಾತ್ ಮುಂತಾದ ಹೊಸ ದಂಡಿನ ಪಟ್ಟಣಗಳನ್ನು ಕಟ್ಟಿಕೊಂಡು ಅಲ್ಲೇ ಗೋತ್ರವಾರು ಕೇರಿಗಳಲ್ಲಿ ಉಳಿದರು. ಯಾರು ಎಷ್ಟು ಮೊದಲು ಇಸ್ಲಾಂ ಸ್ವೀಕರಿಸಿದರೆಂಬುದನ್ನು ಗಮನದಲ್ಲಿಟ್ಟು ಅವರಿಗೆ ವರ್ಷಾಶನ ಕೊಡುವ ದಿವಾನ್ ವ್ಯವಸ್ಥೆಯನ್ನು ಉಮರ್ ಆರಂಭಿಸಿದರು. ಆ ಹಣ ಬರುತ್ತಿದ್ದುದು ಮುಸ್ಲಿಮೇತರರ ಭೂಕಂದಾಯ ಮತ್ತು ಜಿಝಿಯಾ ಎಂಬ ತಲೆಗಂದಾಯದಿಂದ. ಇಲ್ಲಿಯೇ ಆ ರಾಜ್ಯದ ಒಳಗಿನ ಬಿಕ್ಕಟ್ಟು ಅಡಗಿತ್ತು: ಎಲ್ಲರೂ ಮುಸ್ಲಿಮರಾದರೆ ತೆರಿಗೆ ಕೊಡುವವರು ಯಾರು? ಇಸ್ಲಾಂ ಎಲ್ಲ ವಿಶ್ವಾಸಿಗಳೂ ಸಮಾನರೆಂದು ಸಾರಿತು. ರಾಜ್ಯವಾದರೋ ಅರಬರ ಸವಲತ್ತಿನ ಮೇಲೆ ನಿಂತಿತ್ತು. ಪರ್ಷಿಯನ್ ರೈತನೊಬ್ಬ ಮುಸ್ಲಿಮನಾಗಬೇಕೆಂದರೆ ಸಾಮಾನ್ಯವಾಗಿ ಯಾವುದಾದರೊಂದು ಅರಬ್ ಗೋತ್ರದ ಆಶ್ರಿತನಾಗಿ ಸೇರಬೇಕಿತ್ತು. ಸೇರಿದ ಮೇಲೂ ಸೈನ್ಯದಲ್ಲಿ, ಮದುವೆಯಲ್ಲಿ, ಸಂಬಳದಲ್ಲಿ ಅವನಿಗೆ ಎರಡನೆಯ ಸ್ಥಾನವೇ. ಇರಾಕಿನ ರಾಜ್ಯಪಾಲನಾಗಿದ್ದ ಹಜ್ಜಾಜ್, ಮತಾಂತರಗೊಂಡು ಪಟ್ಟಣ ಸೇರಿದ್ದ ರೈತರನ್ನು ಹಿಡಿದು ಮತ್ತೆ ಹಳ್ಳಿಗಳಿಗೆ ಅಟ್ಟಿ ಹಳೆಯ ತೆರಿಗೆಯನ್ನೇ ವಸೂಲು ಮಾಡಿದನು. ಬಲವಂತದಿಂದ ಮತಾಂತರ ಮಾಡಲು ಹೊರಟ ಆಡಳಿತವೊಂದು ಹೀಗೆ ಮಾಡುತ್ತಿತ್ತೇ ಎಂದು ಓದುಗರು ಯೋಚಿಸಬೇಕು.

ಇದರ ನಡುವೆ ಅರಬರ ಒಳಜಗಳಗಳೂ ನಡೆದವು. ಮೂರನೆಯ ಖಲೀಫ ಉಸ್ಮಾನರು, ಕುರ್‌ಆನಿನ ಪ್ರಮಾಣಿತ ಪಾಠವನ್ನು ಸಿದ್ಧಪಡಿಸಿ ನಾಡುನಾಡಿಗೆ ಕಳುಹಿಸಿದವರು, 656ರಲ್ಲಿ ಬಂಡುಕೋರರ ಕೈಯಲ್ಲಿ ಹತರಾದರು. ಅವರ ನಂತರ ಖಲೀಫರಾದ ಅಲಿಯವರು 661ರಲ್ಲಿ ಕೂಫಾದಲ್ಲಿ ಕೊಲೆಯಾದರು. 680ರಲ್ಲಿ ಅವರ ಮಗ ಹುಸೈನರು ಕರ್ಬಲಾದಲ್ಲಿ ಹುತಾತ್ಮರಾದರು. ಅಲಿಯವರ ನಂತರ ಅಧಿಕಾರ ಡಮಾಸ್ಕಸಿನ ಉಮಯ್ಯದ್ ಮನೆತನಕ್ಕೆ ಹೋಗಿತ್ತು. ಆ ದರ್ಬಾರಿನಲ್ಲೂ ಹಣಕಾಸಿನ ಹೊಣೆ ಸರ್ಜೂನ್ ಇಬ್ನ್ ಮನ್ಸೂರ್ ಎಂಬ ಕ್ರೈಸ್ತ ಅಧಿಕಾರಿಯ ಕೈಯಲ್ಲಿತ್ತು; ದಫ್ತರುಗಳು ಗ್ರೀಕಿನಲ್ಲೇ ಇದ್ದವು. ಚಲಾವಣೆಯಲ್ಲಿದ್ದ ಬೆಳ್ಳಿ ನಾಣ್ಯಗಳ ಮೇಲೆ ಪರ್ಷಿಯಾದ ದೊರೆಯ ಮುಖವೂ ಅಗ್ನಿವೇದಿಕೆಯೂ ಉಳಿದುಕೊಂಡಿದ್ದವು. ಇದೆಲ್ಲ ಬದಲಾದದ್ದು 685ರಲ್ಲಿ ಪಟ್ಟಕ್ಕೆ ಬಂದ ಅಬ್ದುಲ್ ಮಲಿಕನ ಕಾಲದಲ್ಲಿ. ಜೆರುಸಲೇಮಿನ ಬಂಡೆಯ ಮೇಲಿನ ಗುಮ್ಮಟ 691-92ರಲ್ಲಿ ಎದ್ದು ನಿಂತಿತು. ಆಡಳಿತದ ಭಾಷೆ ಹಂತಹಂತವಾಗಿ ಅರಬಿಯಾಯಿತು, 696-97ರಿಂದ ಚಿತ್ರಗಳಿಲ್ಲದೆ ಕುರ್‌ಆನ್ ವಾಕ್ಯಗಳನ್ನಷ್ಟೇ ಹೊತ್ತ ಚಿನ್ನದ ದೀನಾರ್ ಹೊರಬಂತು. ಪ್ರವಾದಿಯವರು ತೀರಿಕೊಂಡು 60 ವರ್ಷ ದಾಟಿದ ಮೇಲೆ ಆ ರಾಜ್ಯ ಸಾರ್ವಜನಿಕವಾಗಿ ಇಸ್ಲಾಮಿನ ಮುಖವನ್ನು ಧರಿಸಿತೆಂದು ಹೇಳಬಹುದು.

ಮತಾಂತರಗೊಂಡವರಿಗೆ ನ್ಯಾಯ ಒದಗಿಸಲು ಮನಸ್ಸು ಮಾಡಿದ ಉಮಯ್ಯದ್ ದೊರೆಯೆಂದರೆ 717ರಿಂದ 720ರವರೆಗೆ ಆಳಿದ ಎರಡನೆಯ ಉಮರ್. ಮುಸ್ಲಿಮರಾದವರಿಂದ ಜಿಝಿಯಾ ವಸೂಲು ಮಾಡಬಾರದೆಂದು ಆತ ಆಜ್ಞೆ ಹೊರಡಿಸಿದನು. ಆದಾಯ ಕುಸಿಯುತ್ತದೆಂದು ಅಧಿಕಾರಿಗಳು ತಕರಾರು ತೆಗೆದಾಗ, ದೇವರು ಮುಹಮ್ಮದರನ್ನು ಕಳುಹಿಸಿದ್ದು ದಾರಿ ತೋರಿಸಲಿಕ್ಕೇ ಹೊರತು ತೆರಿಗೆ ಎತ್ತಲಿಕ್ಕಲ್ಲವೆಂದು ಆತ ಉತ್ತರ ಬರೆದನೆಂಬ ವರದಿಯಿದೆ. ಈ ಕಾಲದ ಎಷ್ಟೋ ದೊರೆಗಳ ನಡುವೆ ನನಗೆ ಅತ್ಯಂತ ಗೌರವ ಮೂಡಿಸುವವನು ಈತನೇ. ಆತನ ಆಳ್ವಿಕೆ ಮೂರೇ ವರ್ಷಕ್ಕೆ ಮುಗಿಯಿತು. ನಂತರ ಬಂದವರು ಹಳೆಯ ದಾರಿಗೇ ಮರಳಿದರು. ಇರಾನಿನ ಪೂರ್ವಭಾಗದ ಖುರಾಸಾನಿನಲ್ಲಿ ಕುದಿಯುತ್ತಿದ್ದ ಅಸಮಾಧಾನವನ್ನು ಪ್ರವಾದಿಯವರ ಚಿಕ್ಕಪ್ಪ ಅಬ್ಬಾಸರ ವಂಶದವರಾದ ಅಬ್ಬಾಸಿದರು ಬಳಸಿಕೊಂಡರು. 747ರಲ್ಲಿ ಅಲ್ಲಿ ಕಪ್ಪು ಬಾವುಟಗಳನ್ನು ಎತ್ತಿದ ಅಬೂ ಮುಸ್ಲಿಮನ ಪಡೆಯಲ್ಲಿ ಅರಬರ ಜೊತೆಗೆ ಪರ್ಷಿಯನ್ ಮುಸ್ಲಿಮರೂ ಇದ್ದರು. 750ರಲ್ಲಿ ಉಮಯ್ಯದ್ ಆಳ್ವಿಕೆ ಕೊನೆಗೊಂಡು ಅಬ್ಬಾಸಿದರದು ಆರಂಭವಾಯಿತು.

ಆಮೇಲೆ ಮತಕ್ಕೂ ಅರಬ್ ವಂಶಕ್ಕೂ ಇದ್ದ ಗಂಟು ಸಡಿಲವಾಗತೊಡಗಿತು. 762ರಲ್ಲಿ ಸ್ಥಾಪನೆಯಾದ ಬಾಗ್ದಾದಿನಲ್ಲಿ ಅಬ್ಬಾಸಿದ್ ಖಲೀಫ ಹಾರೂನ್ ಅಲ್ ರಶೀದನ ವಜೀರನಾಗಿದ್ದ ಯಹ್ಯಾ ಬಲ್ಖ್ ನಗರದ ಬರ್ಮಕ್ ಮನೆತನದವನು. ಅವನ ಪೂರ್ವಿಕರು ಅಲ್ಲಿನ ನೌಬಹಾರ್ ಬೌದ್ಧವಿಹಾರದ ಮುಖ್ಯಸ್ಥರಾಗಿದ್ದವರು. ಇಸ್ಲಾಮೀ ನ್ಯಾಯಶಾಸ್ತ್ರದ ಒಂದು ಮುಖ್ಯ ಪಂಥಕ್ಕೆ ಹೆಸರು ಕೊಟ್ಟ ಅಬೂ ಹನೀಫಾ ಕೂಫಾದಲ್ಲಿ ರೇಷ್ಮೆ ವ್ಯಾಪಾರ ಮಾಡುತ್ತಿದ್ದ ಪರ್ಷಿಯನ್ ಮೂಲದವರು. ಅರಬಿ ವ್ಯಾಕರಣದ ಆಧಾರಗ್ರಂಥವನ್ನು ಬರೆದ ಸೀಬವೈಹಿಯೂ ಪರ್ಷಿಯನ್ನನೇ. ಗೆದ್ದವರ ಮತವಾಗಿದ್ದದ್ದು ಗೆಲ್ಲಲ್ಪಟ್ಟವರ ಮೊಮ್ಮಕ್ಕಳು ತಮ್ಮ ಕೈಯಾರೆ ಕಟ್ಟಿ ಬೆಳೆಸಿದ ನಾಗರಿಕತೆಯಾಯಿತು.

ಹಳ್ಳಿಗಾಡಿನಲ್ಲಿ ಬದಲಾವಣೆ ಇದಕ್ಕಿಂತಲೂ ನಿಧಾನವಾಗಿತ್ತು. ತೆರಿಗೆಯ ಹೊರೆ ತಾಳಲಾರದೆ ನೈಲ್ ನದಿಯ ಮುಖಜಭೂಮಿಯ ಕಾಪ್ಟಿಕ್ ರೈತರು ದಂಗೆಯೆದ್ದಾಗ, ಅದೇ ಹೊರೆಯಿಂದ ನೊಂದಿದ್ದ ಅರಬ್ ಮುಸ್ಲಿಂ ನೆಲಸಿಗರೂ ಬಂಡಾಯದಲ್ಲಿ ಸೇರಿದ್ದರು. ಅದನ್ನು ಹತ್ತಿಕ್ಕಲು 832ರಲ್ಲಿ ಖಲೀಫ ಮಾಮೂನ್ ಸ್ವತಃ ಈಜಿಪ್ಟಿಗೆ ಬರಬೇಕಾಯಿತು. ಅಲ್ಲಿನ ಗ್ರಾಮಾಂತರದಲ್ಲಿ ಇಸ್ಲಾಂ ಸ್ವೀಕರಿಸುವವರ ಸಂಖ್ಯೆ ಗಣನೀಯವಾಗಿ ಏರಿದ್ದು ಈ ದಂಗೆಯ ಸೋಲಿನ ಬಳಿಕವೇ ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಅಮ್ರ್ ಇಬ್ನುಲ್ ಆಸ್ ಈಜಿಪ್ಟಿನ ಗಡಿ ದಾಟಿ ಆಗಲೇ 190 ವರ್ಷಗಳು ಕಳೆದಿದ್ದವು.