ಬಾದಾಮಿ ಗುಡ್ಡ, ಬರೀ ಅಂಕಿಗಳಿಂದ

ಬಾದಾಮಿ ಸುತ್ತಲಿನ ಎತ್ತರದ ಅಂಕಿಗಳನ್ನು ಕಪ್ಪು-ಬಿಳುಪು ಚಿತ್ರ ಮಾಡುವ ಕೆಲಸ ಈ ವಾರ ಒಂದು ಹದಕ್ಕೆ ಬಂತು. ಅಂಕಿಗಳು ನಾಸಾದವು. 2000ದ ಫೆಬ್ರುವರಿಯಲ್ಲಿ ಎಂಡೆವರ್ ನೌಕೆ ರಾಡಾರ್ ಹೊತ್ತು ಭೂಮಿ ಸುತ್ತಿ ಅಳೆದದ್ದು. ಒಂದೊಂದು ಡಿಗ್ರಿಯ ಚೌಕಕ್ಕೆ ಒಂದೊಂದು ತುಂಡು. ನಮ್ಮ ತುಂಡಿನ ಹೆಸರು ಎನ್15ಇ075, ಅಂದರೆ ಉತ್ತರ 15, ಪೂರ್ವ 75 ಡಿಗ್ರಿಯಿಂದ ಶುರುವಾಗುವುದು: 1201 ಸಾಲು, 1201 ಕಾಲಂ, ಒಂದೊಂದು ಅಂಕಿಗೆ ಎರಡು ಬೈಟ್. ಫೈಲಿನ ತಲೆಗೆ ಯಾವ ವಿವರವೂ ಇಲ್ಲ, ಬರೀ ಅಂಕಿ. ಗಾತ್ರ 28,84,802 ಬೈಟ್ ಇದ್ದರೆ ಪೂರ್ತಿ ಇಳಿದಿದೆ ಅಂತ ಲೆಕ್ಕ.

ಓದುವಾಗ ನಂಪೈಗೆ (ಅಂಕಿಗಳ ಸಾಲು-ಕಾಲಂ ನಿಭಾಯಿಸುವ ಪೈಥಾನ್ ಸಲಕರಣೆ) ದೊಡ್ಡ ಬೈಟ್ ಮೊದಲು ಬರುತ್ತದೆ ಎಂದು ಹೇಳಲೇಬೇಕು. ಹೇಳದಿದ್ದರೆ 586 ಮೀಟರ್ ಇದ್ದದ್ದು 18,946 ಆಗಿ, ಬಾದಾಮಿ ಎವರೆಸ್ಟಿನ ಎರಡು ಪಟ್ಟು ಮೇಲೆ ಹೋಗುತ್ತದೆ! ಅಳತೆ ಸಿಗದ ಕಡೆ −32768 ತುಂಬಿರುತ್ತಾರೆ. ಅಂಥದ್ದೊಂದು ಉಳಿದರೂ ಸಾಕು, ಅದೊಂದೇ ಕಪ್ಪಾಗಿ ಮಿಕ್ಕ ಸೀಮೆಯೆಲ್ಲ ಬೆಳ್ಳಗೆ ಬಳಿದುಕೊಳ್ಳುತ್ತದೆ. ಮೊದಲು ಅವನ್ನು ಮುಚ್ಚಿಡಬೇಕು.

ಆಮೇಲೆ ಚಿತ್ರ ಬಿಡಿಸುವ ಪೈಥಾನ್ ಸಲಕರಣೆ ಮ್ಯಾಟ್‌ಪ್ಲಾಟ್‌ಲಿಬ್‌ನ ಇಮ್‌ಶೋ ಆಜ್ಞೆ. ಅಂಕಿಗಳನ್ನು ಚಿತ್ರ ಮಾಡುವುದು ಅದೇ. ಬಣ್ಣ ಆರಿಸುವ ಸಿಮ್ಯಾಪ್‌ಗೆ ಗ್ರೇ (ಬೂದು) ಅಂತ ಕೊಡದಿದ್ದರೆ ನೇರಳೆ-ಹಳದಿ ಬಣ್ಣ ಬರುತ್ತದೆ. ಮೊದಲ ಸಾಲು ಮೇಲೆ ಬರುವುದು ಇದರ ರೂಢಿ, ಫೈಲಿನಲ್ಲೂ ಮೊದಲ ಸಾಲು ಉತ್ತರದ್ದೇ. ಹಾಗಾಗಿ ತಿರುಗಿಸುವ ಗೋಜಿಲ್ಲ.

ಚಿತ್ರ ನೋಡಿದ ತಮ್ಮ, ‘ಅಣ್ಣಾ, ನಮ್ಮ ಗುಡ್ಡ ಎಲ್ಲೈತಿ? ಬರೀ ಬೂದಿ ಕಾಣಾಕತ್ತೈತಿ’ ಅಂದ. ಅವನು ಹೇಳಿದ್ದು ಖರೆ. ಇಮ್‌ಶೋ ತಾನಾಗಿಯೇ ಕನಿಷ್ಠ ಅಂಕಿಗೆ ಕಪ್ಪು, ಗರಿಷ್ಠ ಅಂಕಿಗೆ ಬಿಳುಪು ಕೊಡುತ್ತದೆ. ಇದೇ ತುಂಡಿನಲ್ಲಿ ಗದಗ ಕಡೆಯ ಕಪ್ಪತಗುಡ್ಡವೂ ಇದೆ, ಬಿಳುಪೆಲ್ಲ ಅದರ ಪಾಲು. ನಮ್ಮ ಗುಡ್ಡ, ಊರು, ಹೊಲ ಎಲ್ಲವೂ ನಡುವಿನ ಒಂದೇ ಬೂದುಬಣ್ಣದಲ್ಲಿ ಕಲೆಸಿಹೋಗಿದ್ದವು. ಅಂಕಿ ಎಷ್ಟೇ ಸರಿ ಇರಲಿ, ಎಷ್ಟಕ್ಕೆ ಕಪ್ಪು, ಎಷ್ಟಕ್ಕೆ ಬಿಳುಪು ಅಂತ ನಾವು ಗೆರೆ ಎಳೆಯದೆ ಗುಡ್ಡ ಕಾಣುವುದಿಲ್ಲ.

ಬಾದಾಮಿ ಇರುವುದು 15.92 ಅಕ್ಷಾಂಶ, 75.68 ರೇಖಾಂಶದ ಹತ್ತಿರ. ಒಂದು ಡಿಗ್ರಿಗೆ 1200 ಹೆಜ್ಜೆ, ಅಂದರೆ ಮೇಲಿನಿಂದ ಸಾಲು 96, ಎಡದಿಂದ ಕಾಲಂ 816. ಅದರ ಸುತ್ತ ನೂರಕ್ಕೆ ನೂರು ಚೌಕ ಕತ್ತರಿಸಿ, ವಿಮಿನ್ (ಕಪ್ಪಿನ ಗೆರೆ) 550, ವಿಮ್ಯಾಕ್ಸ್ (ಬಿಳುಪಿನ ಗೆರೆ) 700 ಕೊಟ್ಟೆ. ಊರು ಕಪ್ಪಿಗೆ ಸರಿಯಿತು, ಪೂರ್ವದ ಗುಡ್ಡಸಾಲು ಎದ್ದು ನಿಂತಿತು. ಗುಹೆಗಳಿರುವ ನೆಟ್ಟನೆಯ ಬಂಡೆ ಮಾತ್ರ ಇಳಿಜಾರಿನಂತೆ ಕಾಣುತ್ತದೆ. ಒಂದು ಚುಕ್ಕೆಗೆ ನೆಲದ ಮೇಲೆ ಸುಮಾರು 90 ಮೀಟರ್, ಹೀಗಾಗಿ ಅಗಸ್ತ್ಯತೀರ್ಥ ಕೆರೆಯ ಪಾಲಿಗೂ ಬಂದದ್ದು ಕೆಲವೇ ಚುಕ್ಕೆ. 3601 ಸಾಲಿನ 30 ಮೀಟರ್ ಫೈಲೂ ಸಿಗುತ್ತದೆ, ಮುಂದೆ ಅದನ್ನೇ ಹಿಡಿಯಬೇಕು.

ಎತ್ತರವನ್ನು ನೇರವಾಗಿ, 0ಯಿಂದ 255ರವರೆಗಷ್ಟೇ ಹಿಡಿಸುವ ಎಂಟು ಬಿಟ್‌ಗೆ ಇಳಿಸಿದರೆ ಏನಾಗುತ್ತದೆ ಅಂತ ಬೇಕಂತಲೇ ನೋಡಿದೆ. 255 ದಾಟಿದ್ದು ಸೊನ್ನೆಯಿಂದ ಮತ್ತೆ ಶುರು: 511 ಅಚ್ಚಬಿಳಿ, ಪಕ್ಕದ 512 ಕಡುಗಪ್ಪು. ನಕ್ಷೆಗೆ 512 ಮತ್ತು 768 ಮೀಟರಿನ ಗೆರೆಗಳು ಪುಕ್ಕಟೆ ಬಂದವು. ಗೋಡೆಗೆ ಹಾಕಲು ಚಂದ, ಎತ್ತರ ಓದಲು ಕೆಲಸಕ್ಕೆ ಬಾರದು.

ಪಟ್ಟದಕಲ್ಲು ಈ ತುಂಡಿನಲ್ಲಿದೆ, ಐಹೊಳೆ ಮತ್ತು ಬಾಗಲಕೋಟೆ ಮೇಲಿನ ಎನ್16ಇ075ರಲ್ಲಿ. ಎರಡಕ್ಕೂ ಅಂಚಿನ ಸಾಲು ಒಂದೇ ಆದ್ದರಿಂದ ಜೋಡಿಸುವಾಗ ಒಂದು ಸಾಲು ಬಿಡಬೇಕು. ವಿಮಿನ್, ವಿಮ್ಯಾಕ್ಸ್ ಕೂಡ ಎರಡಕ್ಕೂ ಒಂದೇ ಇರಬೇಕು, ಇಲ್ಲವಾದರೆ 16ನೇ ಅಕ್ಷಾಂಶದುದ್ದಕ್ಕೂ ಹೊಲಿಗೆ ಕಾಣುತ್ತದೆ.